ನಿನ್ನ ಹೆಸರಿನ ತವಾ

ಸೋಲಾಪುರ
29 ಸೆಪ್ಟೆಂಬರ್ 2024

ಏ ಕಾಜಲ,

ನೀನು ವಿಮಾನ ಹತ್ತಿ ಹದಿನೇಳು ದಿನವಾಯಿತು. ಇಷ್ಟು ದಿನಕ್ಕೆ ಫೋನಿನಲ್ಲಿ ಕಳಿಸಿದ್ದು ಎರಡೇ ಫೋಟೋ. ಒಂದರಲ್ಲಿ ನದಿ, ಇನ್ನೊಂದರಲ್ಲಿ ನಿನ್ನ ಹೆಬ್ಬೆರಳು. ಸ್ಕಾಟ್ಲೆಂಡಿನ ನೀರು ಕುಡಿದು ದೊಡ್ಡವಳಾದೆ ಅಂತ ತಿಳಿಯಬೇಡ, ನಾನು ಅಲ್ಲಿಗೆ ಬಂದ ಮೇಲೆ ನಿನಗಿದೆ.

ಬರುತ್ತೇನೋ ಇಲ್ಲವೋ ಅನ್ನುವುದು ಈಗ ನಿನ್ನ ಪೆನ್ನಿನ ಮೇಲಿದೆ. ಇಬ್ಬರೂ ಒಂದೇ ದಿನ ಅರ್ಜಿ ಹಾಕಿದೆವು, ಇಬ್ಬರಿಗೂ ಸೀಟು ಬಂತು. ನಿನಗೆ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು, ನನಗೆ ಮುತ್ಯಾನ 'ನೋಡೂಣು' ಸಿಕ್ಕಿತು. ವಿಶ್ವವಿದ್ಯಾಲಯದವರು ನನ್ನ ಸೀಟನ್ನು ಒಂದು ವರ್ಷ ಹಿಡಿದಿಟ್ಟಿದ್ದಾರೆ. ಮೇ 31ರೊಳಗೆ ಹೂಂ ಅನ್ನದಿದ್ದರೆ ಅದೂ ಹೋಯಿತು.

ನಮ್ಮ ಬಸಣ್ಣ ಮುತ್ಯಾ ಐವತ್ತು ವರ್ಷ ಆಡತ್ ಅಂಗಡಿಯಲ್ಲಿ ಕೂತು ಜೋಳ, ತೊಗರಿ ಮಾರಿದ ಮನುಷ್ಯ. ಮೊನ್ನೆ ಮಗನನ್ನು, ಅಂದರೆ ನಮ್ಮಪ್ಪನನ್ನು, ಎದುರಿಗೆ ಕೂಡ್ರಿಸಿಕೊಂಡು ಹೇಳಿದ್ದು ಇಷ್ಟು: "ಸ್ಯಾಂಪಲ್ ನೋಡದ ಮಾಲು ಹ್ಯಾಂಗ ತಗೊಳ್ಳೂದು? ತುಕಾರಾಮನ ಮಗಳು ಹೋಗ್ಯಾಳಲ್ಲ, ಅಕಿ ಬರೀಲಿ. ಕಾಗದದ ಮ್ಯಾಲ ಬರೀಲಿ. ಫೋನಿನ ಮಾತು ಗಾಳಿ ಮಾತು."

ಆದ್ದರಿಂದ ನೀನು ಕಾಗದ ಬರೆಯಬೇಕು, ಕನ್ನಡದಲ್ಲಿ. ಮುತ್ಯಾಗೆ ಬೇರೆ ಲಿಪಿ ಬಾರದು, ಕಣ್ಣೂ ಮಂದವಾಗಿವೆ. ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ನಾನೇ ಓದಿ ಹೇಳಬೇಕು. ಕಾಲೇಜಿನಲ್ಲಿ ಮರಾಠಿ ಹುಡುಗಿಯರಿಗೆ ತಿಳಿಯದಿರಲಿ ಅಂತ ಕನ್ನಡದಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದೆವಲ್ಲ, ನೀನು ವಾಗದರಿಯ ಕನ್ನಡ ಸಾಲಿಯವಳು, ನಾನು ದುಧನಿಯ ಕನ್ನಡ ಸಾಲಿಯವಳು ಅಂತ. ಆ ವಿದ್ಯೆ ಈಗ ಉಪಯೋಗಕ್ಕೆ ಬಂತು ನೋಡು.

ಮಾಂಸ, ಮೀನು, ಹುಡುಗರು, ಇವು ಮೂರೂ ಕಾಗದದಲ್ಲಿ ಬರಬಾರದು. ದುಧನಿಯ ದಾಲ್ ಮಿಲ್ಲಿನವರು ಹೆಣ್ಣು ಕೇಳಿ ಮತ್ತೆ ಹೇಳಿಕಳಿಸಿದ್ದಾರೆ. ಹುಡುಗನ ಹೆಸರು ಸೋಮೇಶ. ಕೆಟ್ಟವನೇನಲ್ಲವಂತೆ. ಆದರೆ ಆ ಮನೆಯ ಸೊಸೆಯರು ಹೊಸ್ತಿಲು ದಾಟಿ ಹೋಗುವುದು ಅಕ್ಕಲಕೋಟೆಯ ಗುಡಿಯ ತನಕ ಮಾತ್ರ. ನನಗೆ ಹೆದರಿಕೆಯಾಗುತ್ತದೆ ಕಾಜಲ. ಚೆನ್ನಾಗಿ ಬರೆ.

ನಿನ್ನ ಸ್ಯಾಂಪಲ್ ಕಾಯುತ್ತಿರುವ
ಶೀತಲ


ಡಂಡೀ, ಸ್ಕಾಟ್ಲೆಂಡ್
20 ಅಕ್ಟೋಬರ್ 2024

ಪ್ರೀತಿಯ ಶೀತಲ,

ಬಸಣ್ಣ ಮುತ್ಯಾರಿಗೂ ನಿಮ್ಮಜ್ಜಿ ಸಾವಿತ್ರಿಬಾಯಿ ಆಯಿಯವರಿಗೂ ನನ್ನ ನಮಸ್ಕಾರ ತಿಳಿಸು.

ಈ ಊರು ಗುಡ್ಡದ ಇಳಿಜಾರಿನಲ್ಲಿದೆ, ಕೆಳಗೆ ಟೇ ಅನ್ನುವ ನದಿ. ಎರಡು ಮೈಲಿಗೂ ಹೆಚ್ಚು ಉದ್ದದ ರೈಲು ಸೇತುವೆ. ಅದರ ಮೇಲೆ ರೈಲು ಹೋಗುವಾಗ ದುಧನಿ ಸ್ಟೇಷನ್ನಿನಲ್ಲಿ ನಿಂತು ಕಲಬುರಗಿ ಗಾಡಿ ನೋಡಿದ ಹಾಗೆ ನಾನು ದಿನವೂ ನಿಂತು ನೋಡುತ್ತೇನೆ.

ಮುತ್ಯಾರಿಗೆ ಒಂದು ಸುದ್ದಿ. ಅವರ ಅಂಗಡಿಯ ಗೋಣಿಚೀಲಕ್ಕೂ ಈ ಊರಿಗೂ ನಂಟಿದೆ. ನೂರು ವರ್ಷದ ಹಿಂದೆ ಇಡೀ ಊರೇ ಸೆಣಬಿನ ಗಿರಣಿಯಾಗಿತ್ತು. ಬಂಗಾಳದಿಂದ ಹಡಗಿನಲ್ಲಿ ಸೆಣಬು ಬರುತ್ತಿತ್ತು, ಇಲ್ಲಿ ಗೋಣಿಯಾಗಿ ಲೋಕಕ್ಕೆಲ್ಲ ಹೋಗುತ್ತಿತ್ತು. ಈಗ ಗಿರಣಿಗಳು ಮುಚ್ಚಿವೆ, ನಮ್ಮ ಸೋಲಾಪುರದ ಹಾಗೆಯೇ. ಒಂದು ಗಿರಣಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಸೆಣಬಿನ ವಾಸನೆ ಬಂದದ್ದೇ ತಡ, ನಿಮ್ಮ ಅಂಗಡಿಯ ಮೂಲೆಯಲ್ಲಿ ಚೀಲದ ಮೇಲೆ ಕೂತ ಹಾಗಾಯಿತು.

ತಿನ್ನುವುದಕ್ಕೆ ಓಟ್ಸಿನ ಖಡಕ್ ರೊಟ್ಟಿ ಸಿಗುತ್ತದೆ, ಅಂಗೈಯಗಲ. ನಮ್ಮ ಜೋಳದ ಖಡಕ್ ರೊಟ್ಟಿಯ ಹಾಗೆ ತಿಂಗಳುಗಟ್ಟಲೆ ಇಡಬಹುದು. ಕಿತ್ತಳೆ ಸಿಪ್ಪೆಯ ಮುರಬ್ಬ ಹಚ್ಚಿಕೊಂಡು ತಿನ್ನುತ್ತಾರೆ. ನಾನು ನಮ್ಮ ಅಜ್ಜಿ ಪುತಳಾಬಾಯಿ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹಚ್ಚಿಕೊಂಡೆ. ಪಕ್ಕದ ಕೋಣೆಯ ಹುಡುಗಿ ಚೂರು ರುಚಿ ನೋಡಿ ಮೂರು ಲೋಟ ನೀರು ಕುಡಿದಳು, ಮರುದಿನ ಮತ್ತೆ ಕೇಳಿಕೊಂಡು ಬಂದಳು.

ನಮ್ಮ ಓದು ಸಾರ್ವಜನಿಕ ಆರೋಗ್ಯದ್ದು, ಎರಡು ವರ್ಷದ್ದು. ಮಾಸ್ತರರನ್ನು ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಇನ್ನೂ ಏಳುವುದಿಲ್ಲ. ಹುಡುಗಿಯರು ಸುರಕ್ಷಿತವಾಗಿ ಓಡಾಡುತ್ತಾರೆ. ಶೀತಲ ಬಂದರೆ ನನ್ನ ಪಕ್ಕದ ಕೋಣೆ ಖಾಲಿಯಾಗುವ ಹೊತ್ತಿಗೆ ಸರಿಹೋಗುತ್ತದೆ.

ನಿಮ್ಮ
ಕಾಜಲ

(ಈ ಚೀಟಿ ನಿನಗೆ ಮಾತ್ರ, ಪಡಸಾಲೆಯಲ್ಲಿ ಓದಬೇಡ. ಬೇಳೆ ಸೂಪು ಅಂತ ಮೂರು ದಿನ ಕುಡಿದೆ. ನಾಲ್ಕನೇ ದಿನ ಗೊತ್ತಾಯಿತು, ಅದರಲ್ಲಿ ಹಂದಿಯ ಎಲುಬು ಕುದಿಸುತ್ತಾರಂತೆ. ನನಗೇನು, ಕುಡಿಯುವುದು ಬಿಡಲಿಲ್ಲ. ಸೆಣಬು ಮೆತ್ತಗಾಗಲು ತಿಮಿಂಗಿಲದ ಎಣ್ಣೆ ಹಚ್ಚುತ್ತಿದ್ದರಂತೆ. ಮುತ್ಯಾರಿಗೆ ಹೇಳಿದರೆ ಅಂಗಡಿಯ ಚೀಲವನ್ನೆಲ್ಲ ತೊಳೆಸಿಯಾರು. ಇಲ್ಲಿ ಮಾತಾಡಲು ಯಾರೂ ಇಲ್ಲ ಶೀತಲ. ಬೇಗ ಬಾ.)


ಸೋಲಾಪುರ
17 ನವೆಂಬರ್ 2024

ಕಾಜಲ,

ಗೆದ್ದೆ ನೀನು! ಗೋಣಿಚೀಲದ ಭಾಗವನ್ನು ಮುತ್ಯಾ ಮೂರು ಸಲ ಓದಿಸಿದರು. ಮರುದಿನ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ. "ನಮ್ಮ ಹುಡುಗಿ ಹೋಗೂ ಊರು ಗೋಣಿಚೀಲದ ಊರು ನೋಡ್ರಿ" ಅಂದರು. ನಮ್ಮ ಹುಡುಗಿ ಹೋಗೂ ಊರು! ಅಪ್ಪ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ, ನಗು ತಡೆಯಲಾಗಲಿಲ್ಲ. ಅಣ್ಣ ಪ್ರಸಾದ ಪಾಸ್‌ಪೋರ್ಟಿನ ಫಾರ್ಮು ತಂದಿಟ್ಟಿದ್ದಾನೆ. ನನ್ನ ಫೋನು ತಪಾಸಣೆ ಮಾಡುವವನೇ ತಂದಿದ್ದಾನೆ ಅಂದರೆ ಲೆಕ್ಕ ಹಾಕು.

ಒಂದೇ ಒಂದು ಉಳಿದಿದೆ. ಆಯಿ ಕೇಳಿದರು, ಅಲ್ಲಿ ಹುಡುಗಿಯ ಊಟದ ಗತಿಯೇನು, ಕಂಡವರ ಪಾತ್ರೆಯಲ್ಲಿ ತಿನ್ನಬೇಕೇನು ಅಂತ. ಮುತ್ಯಾ ತಲೆಯಾಡಿಸಿದರು. ಊಟದ ವಿಷಯ ವಿವರವಾಗಿ ಬರೆ, ಅವರ ಮನಸ್ಸು ನಿಶ್ಚಿಂತವಾಗಬೇಕು. ಅಷ್ಟಾದರೆ ಸಂಕ್ರಾಂತಿಗೆ ಹೂಂ ಅಂತಾರೆ, ನನಗೆ ಖಾತ್ರಿ.

ಕುಣಿಯುತ್ತಿರುವ
ಶೀತಲ


ಡಂಡೀ
15 ಡಿಸೆಂಬರ್ 2024

ಪ್ರೀತಿಯ ಶೀತಲ, ಮುತ್ಯಾರಿಗೂ ಆಯಿಯವರಿಗೂ ನಮಸ್ಕಾರ.

ಇಲ್ಲಿ ಈಗ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಕೈ ತೊಳೆಯುವುದರೊಳಗೆ ಸಂಜೆ. ಮುತ್ಯಾ ಇಲ್ಲಿದ್ದರೆ ಅಂಗಡಿ ತೆಗೆದ ಕೂಡಲೇ ಮುಚ್ಚಬೇಕಾಗುತ್ತಿತ್ತು.

ಊಟದ ಬಗ್ಗೆ ಆಯಿ ಚಿಂತೆ ಮಾಡಬಾರದು. ಹಸಿರು ಬಾಗಿಲಿನ ಒಂದು ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಸಿಕ್ಕ ದಿನ ಅಲ್ಲೇ ಅತ್ತುಬಿಟ್ಟೆ. ಅಂಗಡಿಯವನು ಹೆದರಿ ಕುರ್ಚಿ ಕೊಟ್ಟ. ಶೀತಲಳಿಗಾಗಿ ಒಂದು ಹೊಸ ತವಾ ಕೊಂಡು ಬೇರೆಯಾಗಿ ಎತ್ತಿಟ್ಟಿದ್ದೇನೆ. ಅದಕ್ಕೆ ಈತನಕ ಮೊಟ್ಟೆಯ ಸೋಂಕೂ ಇಲ್ಲ. ಹಿಡಿಕೆಗೆ ಅವಳ ಹೆಸರಿನ ಚೀಟಿ ಅಂಟಿಸಿದ್ದೇನೆ. ಅವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಬಡಿದರೆ ಮಹಾರಾಷ್ಟ್ರದ ನಕಾಶೆ ಆಗುತ್ತದೆ ಅಂತ ನನಗೆ ಗೊತ್ತು. ಆದ್ದರಿಂದ ದಿನವೂ ನನ್ನ ಕೈಯಾರೆ ಬಿಸಿ ರೊಟ್ಟಿ ಮಾಡಿ ಅವಳಿಗೆ ಉಣಿಸುತ್ತೇನೆ. ಒಂದು ದಿನವೂ ಉಪವಾಸ ಬಿಡುವುದಿಲ್ಲ. ಇದು ನಾನು ಕೊಡುವ ಮಾತು.

ನಿಮ್ಮ
ಕಾಜಲ


ಡಂಡೀ
9 ಫೆಬ್ರುವರಿ 2025

ಶೀತಲ,

ಎಂಟು ವಾರ ಆಯಿತು, ಕಾಗದವಿಲ್ಲ. ಫೋನಿಗೆ ಕಳಿಸಿದ್ದು ನಿನಗೆ ಮುಟ್ಟುತ್ತಲೇ ಇಲ್ಲ. ಅಪ್ಪನಿಗೆ ಹೇಳಿ ಅಂಗಡಿಗೆ ಕಳಿಸಿದೆ. ಮುತ್ಯಾ ಕುರ್ಚಿ ಹಾಕಿಸಿ ಕೂಡ್ರಿಸಿ, ಎಲ್ಲಾ ಆರಾಮ ಅಂದರಂತೆ, ಚಹಾ ಕೊಟ್ಟರಂತೆ. ಸಂಕ್ರಾಂತಿ ಹೋಯಿತು. ಮುತ್ಯಾ ಹೂಂ ಅಂದರೇನು?

ನಾನು ಏನಾದರೂ ತಪ್ಪು ಬರೆದೆನೇನು?

ಕಾಜಲ


ಅಕ್ಕಲಕೋಟೆ
2 ಮಾರ್ಚ್ 2025

ಕಾಜಲ,

ಫೋನು ಪ್ರಸಾದನ ಹತ್ತಿರ ಇದೆ. ಈ ಕಾಗದವನ್ನು ಪೋಸ್ಟಿಗೆ ಹಾಕಲೆಂದೇ, ಗುಡಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ ಅಕ್ಕಲಕೋಟೆಗೆ ಬಂದಿದ್ದೇನೆ. ಅನ್ನಛತ್ರದ ಹೊರಗೆ ಕೂತು ಬರೆಯುತ್ತಿದ್ದೇನೆ.

ನೀನು ತಪ್ಪು ಬರೆಯಲಿಲ್ಲ. ನಿನ್ನ ಡಿಸೆಂಬರಿನ ಕಾಗದ ಓದಿದೆ. ಮೂರೂವರೆಯ ಸೂರ್ಯನಿಗೆ ಎಲ್ಲರೂ ನಕ್ಕರು. ಆಮೇಲೆ ರೊಟ್ಟಿಯ ಸಾಲು ಬಂತು. ಆ ಸಾಲು ಬಿಟ್ಟು ಓದಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಇಡೀ ಕಾಗದದಲ್ಲಿ ಅದೇ ಚೊಲೋ ಸಾಲು ಅಂತ ದನಿ ಎತ್ತರಿಸಿ ಓದಿದೆ, ನನ್ನ ಕೈಯಾರೆ ಬಿಸಿ ರೊಟ್ಟಿ ಮಾಡಿ ಉಣಿಸುತ್ತೇನೆ ಅಂತ. ಮುತ್ಯಾ "ಚೊಲೋ ಹುಡುಗಿ ಅದ" ಅಂದರು, ನೀರು ಕೇಳಿದರು, ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಮರುದಿನ ಪಾಸ್‌ಪೋರ್ಟಿನ ಫಾರ್ಮು ಮೇಜಿನ ಮೇಲೆ ಇರಲಿಲ್ಲ.

ಹಳೆಯ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಒತ್ತಿ ದರ ಮುಗಿಸುತ್ತಾರಲ್ಲ, ನಮ್ಮ ಮನೆಯ ತೀರ್ಮಾನಗಳು ಹಾಗೆ. ಕೈ ಕಾಣುವುದಿಲ್ಲ, ಮಾತು ಕೇಳುವುದಿಲ್ಲ, ವ್ಯವಹಾರ ಮುಗಿದಿರುತ್ತದೆ. ಒಂದು ತಿಂಗಳು ನಾನು ಏನಾಯಿತು ಅಂತ ಕೇಳುತ್ತಲೇ ಇದ್ದೆ. ಕಡೆಗೆ ಆಯಿ ಬಾಯಿ ಬಿಟ್ಟರು: "ಗೆಳೆತನ ಬ್ಯಾರೆ, ಒಲಿ ಬ್ಯಾರೆ. ಅಕಿ ಕೈದು ಉಂಡು ಬಂದಾಕಿನ್ನ ನಾಳೆ ಯಾರು ಮನಿ ತುಂಬಿಸ್ಕೋತಾರ?"

ಆಮೇಲೆ ಮುತ್ಯಾ ಕರೆದು ನೇರವಾಗಿ ಕೇಳಿದರು, ಕಾಲೇಜಿನಲ್ಲಿ ಅವಳ ಡಬ್ಬಿ ತಿಂದಿದ್ದೀಯೇನು ಅಂತ. ನಾನು ಇಲ್ಲ ಅಂದೆ. ಮೂರು ವರ್ಷ ನಿಮ್ಮಜ್ಜಿಯ ರೊಟ್ಟಿ ತಿಂದ ಬಾಯಿಂದಲೇ ಇಲ್ಲ ಅಂದೆ. ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಈಗ ಒಂದು ದಾರಿ ಇದೆ. ಮುತ್ಯಾ ಹೇಳಿದ್ದಾರೆ, ಬೇರೆ ಮನೆ, ಬೇರೆ ಒಲೆ ಅಂತ ಆ ಹುಡುಗಿ ತಾನೇ ಕಾಗದದ ಮೇಲೆ ಬರೆದು ಸಹಿ ಮಾಡಿ ಕಳಿಸಿದರೆ ವಿಚಾರ ಮಾಡುತ್ತೇನೆ ಅಂತ. ನಾನೇ ಬರೆದುಬಿಡಬಹುದಿತ್ತು. ಆದರೆ ಮುಖ್ಯ ಕಾಗದವನ್ನು ಅವರು ಭೂತಗನ್ನಡಿ ಹಿಡಿದು ನೋಡುತ್ತಾರೆ, ನಿನ್ನ ಅಕ್ಷರ ಗುರುತು ಹಿಡಿಯುತ್ತಾರೆ. ಬರೇ ಕಾಗದದ ಮೇಲಿನ ಮಾತು ಕಾಜಲ. ನಾನು ಬಂದ ಮೊದಲ ದಿನವೇ ನಿನ್ನ ತಟ್ಟೆಯಲ್ಲಿ ಉಣ್ಣುತ್ತೇನೆ.

ಇದನ್ನು ಕೇಳಬಾರದು ಅಂತ ಗೊತ್ತಿದ್ದೂ ಕೇಳುತ್ತಿದ್ದೇನೆ. ಸೋಮೇಶನ ಮನೆಯವರು ಮುಂದಿನ ತಿಂಗಳು ಬರುತ್ತಾರೆ.

ಶೀತಲ


ಡಂಡೀ
23 ಮಾರ್ಚ್ 2025

ಶ್ರೀ ಬಸಣ್ಣ ಮುತ್ಯಾ ಅವರಿಗೆ ಕಾಜಲ ತುಕಾರಾಮ ಮಾಡುವ ನಮಸ್ಕಾರ.

ಶೀತಲ ಇಲ್ಲಿಗೆ ಓದಲು ಬಂದಲ್ಲಿ ಅವಳ ಮನೆ ಬೇರೆ, ನನ್ನ ಮನೆ ಬೇರೆ ಇರುತ್ತದೆ. ಅವಳ ಅಡಿಗೆ ಅವಳೇ ಮಾಡಿಕೊಳ್ಳುತ್ತಾಳೆ. ಅವಳ ಒಲೆಯನ್ನಾಗಲಿ, ಪಾತ್ರೆಯನ್ನಾಗಲಿ, ನೀರನ್ನಾಗಲಿ ನಾನು ಮುಟ್ಟುವುದಿಲ್ಲ. ನನ್ನ ಕೈಯದು ಏನನ್ನೂ ಅವಳಿಗೆ ಕೊಡುವುದಿಲ್ಲ. ಇದನ್ನು ನಾನು ತಿಳಿದು ಬರೆದಿದ್ದೇನೆ.

ಕಾಜಲ ತುಕಾರಾಮ

(ಶೀತಲ, ಈ ಬೇರೆ ಚೀಟಿ ನಿನಗೆ ಮಾತ್ರ. ಆರು ಸಾಲು ಬರೆಯಲು ಆರು ದಿನ ಹಿಡಿಯಿತು. ಇಲ್ಲಿ ಗ್ರಂಥಾಲಯದಲ್ಲಿ ಕೂತು ಬರೆದೆ. ಸುತ್ತ ಯಾರಿಗೂ ಈ ಅಕ್ಷರ ಬರುವುದಿಲ್ಲ, ಆದರೂ ಕೈ ಅಡ್ಡ ಇಟ್ಟುಕೊಂಡು ಬರೆದೆ. ನೀರು ಅನ್ನುವುದನ್ನು ನೀನು ಹೇಳಿರಲಿಲ್ಲ, ನಾನೇ ಸೇರಿಸಿದೆ. ಬರೆಯುತ್ತ ಹೋದಾಗ ತಾನೇ ಬಂತು.

ನಿಮ್ಮ ಅಂಗಡಿಯಲ್ಲಿ ನನಗೆ ಯಾವಾಗಲೂ ಕಾಗದದ ಕಪ್ಪಿನಲ್ಲಿ ಚಹಾ ಬರುತ್ತಿತ್ತು. ಗಿರಾಕಿಗಳ ಅಂಗಡಿ, ಕಾಗದದ ಕಪ್ಪು ಇರುವುದೇ ಅಂದುಕೊಂಡಿದ್ದೆ. ನೀನೂ ನನ್ನ ಜೊತೆ ಕಾಗದದ ಕಪ್ಪಿನಲ್ಲೇ ಕುಡಿಯುತ್ತಿದ್ದೆ. ಅದು ಯಾಕೆ ಅಂತ ಈಗ ತಿಳಿಯಿತು. ನೀನು ಒಳ್ಳೆಯವಳು ಶೀತಲ, ಆದರೆ ನಿನಗೆ ಆಗಲೇ ಗೊತ್ತಿತ್ತು.

ಇರಲಿ, ಬರೆದಾಯಿತು. ನೀನು ಬಾ.)


ಸೋಲಾಪುರ
27 ಏಪ್ರಿಲ್ 2025

ಕಾಜಲ,

ಹೇಗೆ ಬರೆಯಲಿ. ಮದುವೆ ಗೊತ್ತಾಯಿತು. ಮೇ 25, ಅಕ್ಕಲಕೋಟೆಯ ಮಂಗಲ ಕಾರ್ಯಾಲಯದಲ್ಲಿ.

ನಿನ್ನ ಕಾಗದ ಬಂದ ದಿನ ಮುತ್ಯಾ ಬೆಳಕಿಗೆ ಹಿಡಿದು ತಾವೇ ಓದಿದರು, ಎರಡು ಸಲ. ಖುಷಿಯಾದರು. ನನಗೂ ಆಸೆ ಬಂತು. ಮುಂದಿನ ವಾರ ಸೋಮೇಶನ ಮನೆಯವರು ಬಂದರು. ಅವರಿಗೆ ಯಾರೋ ಹೇಳಿದ್ದರಂತೆ, ಹುಡುಗಿ ಕಾಲೇಜಿನಲ್ಲಿ ನಿಮ್ಮ ಬುದ್ಧವಿಹಾರದ ಓಣಿಯವರ ಜೊತೆ ತಿರುಗುತ್ತಿದ್ದಳು, ಉಂಡು ತಿಂದು ಮಾಡುತ್ತಿದ್ದಳು ಅಂತ. ಸೋಮೇಶನ ತಾಯಿ ಅದನ್ನೇ ಕೇಳಿದರು. ಮುತ್ಯಾ ಒಳಗೆ ಹೋಗಿ ಕಪಾಟಿನಿಂದ ನಿನ್ನ ಕಾಗದ ತಂದು ಅವರ ಕೈಗೆ ಕೊಟ್ಟರು. "ಓದಿ ನೋಡ್ರಿ. ಅಕಿನಽ ಬರದಾಳ. ನಮ್ಮ ಹುಡುಗಿ ಅಂಥಾಕಿ ಅಲ್ಲ."

ಅವರು ಓದಿದರು. ಆಮೇಲೆ ಸಿಹಿ ಹಂಚಿದರು.

ಮುತ್ಯಾ ಸುಳ್ಳು ಹೇಳಲಿಲ್ಲ, ವಿಚಾರ ಮಾಡುತ್ತೇನೆ ಅಂದಿದ್ದರು, ಮಾಡಿದರು. ನಾನು ಅಲ್ಲೇ ಚಹದ ತಾಟು ಹಿಡಿದು ನಿಂತಿದ್ದೆ. ಹೌದು, ನಾನು ಉಂಡಿದ್ದೇನೆ ಅನ್ನಬಹುದಿತ್ತು. ಅನ್ನಲಿಲ್ಲ. ದಿನವೂ ಆ ನಿಮಿಷಕ್ಕೆ ಹಿಂತಿರುಗಿ ಅನ್ನುತ್ತೇನೆ. ಏನು ಬಂತು.

ಮುತ್ಯಾ ನಿಮ್ಮಪ್ಪನಿಗೆ ತಾವೇ ಲಗ್ನಪತ್ರಿಕೆ ಕೊಟ್ಟಿದ್ದಾರೆ. ಬಹಳ ಮರ್ಯಾದೆಯಿಂದ ಕೊಟ್ಟರು.

ಶೀತಲ


ಡಂಡೀ
9 ಮೇ 2025

ಶೀತಲ,

ಬೇಗ ಮುಟ್ಟುವ ಅಂಚೆಗೆ ಹಾಕುತ್ತಿದ್ದೇನೆ, ಮದುವೆಗೆ ಮುಂಚೆ ಸಿಗಲಿ ಅಂತ.

ನಿನಗೆ ಅಂತ ಎತ್ತಿಟ್ಟಿದ್ದ ಜೋಳದ ಹಿಟ್ಟು ಹಳತಾಗಿತ್ತು. ಇವತ್ತು ನಿನ್ನ ತವಾದ ಮೇಲೆ ರೊಟ್ಟಿ ಮಾಡಿದೆ. ಹಿಟ್ಟಿಗೆ ಜಿಗಿ ಉಳಿದಿರಲಿಲ್ಲ, ಬಡಿದಷ್ಟೂ ಬಿರಿಯಿತು, ಬೆಂದದ್ದು ಕಹಿ. ಅದನ್ನೇ ತಿಂದೆ. ಹಿಡಿಕೆಯ ಚೀಟಿ ಕಿತ್ತು ಹಾಕಿದೆ.

ಎರಡು ಕೇಳುತ್ತೇನೆ. ಸಹಿ ಮಾಡಿ ಕಳಿಸಿದ ನನ್ನ ಕಾಗದ ನನಗೆ ವಾಪಸು ಬೇಕು. ಇನ್ನೊಂದು, ಅಪ್ಪ ಮದುವೆಗೆ ಬರುತ್ತಾನೆ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆ ಗೋದಾಮಿನಲ್ಲಿ ರಜೆ ಹೇಳಿದ್ದಾನೆ, ಹೊಸ ಅಂಗಿ ಹೊಲಿಸಿದ್ದಾನೆ. ಬಸಣ್ಣ ಸಾಹುಕಾರರು ತಾವೇ ಬಂದು ಕರೆದರು ಅಂತ ಫೋನಿನಲ್ಲಿ ಎರಡು ಸಲ ಹೇಳಿದ. ಹೋಗಬೇಡ ಅನ್ನಲು ನನ್ನ ಹತ್ತಿರ ಅವನಿಗೆ ಹೇಳುವಂಥ ಕಾರಣವಿಲ್ಲ. ಎಲ್ಲರ ಪಂಕ್ತಿಯಲ್ಲಿ ಅವನನ್ನು ಕೂಡ್ರಿಸು. ಒಂದೇ ಒಂದು ಸಲ ಬಾಯಿ ತೆರೆ.

ಕಾಜಲ


ಸೋಲಾಪುರ
30 ಮೇ 2025

ಚಿ. ಕಾಜಲಗ ಅಪ್ಪನ ಜಯಭೀಮ.

ನಾವು ಆರಾಮ ಅದೀವಿ. ನಾ ನಾಕನೇತ್ತಾ ಕಲತಾವ, ತಪ್ಪು ಇದ್ದರ ತಿದ್ದಿಕೊಂಡು ಓದು. ಫೋನಿನ್ಯಾಗ ಹೇಳಾಕ ಬರಲಿಲ್ಲ, ಅದಕ್ಕ ಬರಿಯಾಕತ್ತೀನಿ.

ಶೀತಲನ ಲಗ್ನಕ್ಕ ಹೋಗಿದ್ದೆ. ಬಸಣ್ಣ ಸಾಹುಕಾರರು ಬಾಗಿಲಿಗೇ ಬಂದು ಕರದರು, ಕುರ್ಚಿ ಹಾಕಿಸಿದರು. ದುಧನಿ ಬೀಗರ ಮುಂದ ನಿನ್ನ ಬಾಳ ಹೊಗಳಿದರು. "ಇವರ ಮಗಳು ಪರದೇಶದಾಗ ಓದಾಕತ್ತಾಳ. ತಿಳುವಳಿಕಿ ಹುಡುಗಿ. ತನ್ನ ಮರ್ಯಾದಿ ತಾ ತಿಳಿದು ಕಾಗದ ಬರದಾಳ" ಅಂದರು. ಬೀಗರು ನನ್ನ ನೋಡಿ ನಕ್ಕರು. ನೀ ಏನು ಬರದಿದ್ದಿ ಅಂತ ನಾ ಕೇಳಲಿಲ್ಲ. ನೀನೂ ಹೇಳಬ್ಯಾಡ.

ಪಂಕ್ತಿ ಕೂಡೂ ಹೊತ್ತಿಗೆ, ಮಂದಿ ಗರ್ದಿ ಬಾಳ ಅದ, ನಿಮಗ ಬಸ್ ತಪ್ಪತದ ಅಂತ ಸ್ಟೀಲ್ ಡಬ್ಬಿಯಾಗ ಊಟ ಕಟ್ಟಿಸಿ ತಂದರು, ಬಾಗಿಲ ಕಟ್ಟಿ ಮ್ಯಾಲ ಇಟ್ಟರು. ಬಸ್ ನಾಕಕ್ಕ ಇತ್ತು. ಆಗ ಇನ್ನಾ ಒಂದು ಗಂಟೇನೂ ಆಗಿದ್ದಿಲ್ಲ. ಶೀತಲ ಸ್ಟೇಜಿನ ಮ್ಯಾಲಿಂದ ನನ್ನ ನೋಡಿದಳು. ಇಳದು ಬರತಾಳೇನೋ ಅಂತ ಜರಾ ಹೊತ್ತು ನಿಂತೆ. ಅಕಿ ಫೋಟೋ ತಗಿಯಾಕತ್ತಿದ್ದರು.

ಊಟ ಮನಿಗೆ ತಂದು ನಾನು ನಿಮ್ಮಜ್ಜಿ ಉಂಡಿವಿ. ಲಾಡು ಚೊಲೋ ಇದ್ದವು. ಡಬ್ಬಿ ವಾಪಸ್ ಯಾವಾಗ ತರಲಿ ಅಂತ ಕೇಳಿದ್ದಕ್ಕ, ಬ್ಯಾಡ, ನೀವಽ ಇಟ್ಕೋರಿ ಅಂದಿದ್ದರು. ಅದರಾಗ ಹಿಟ್ಟು ಹಾಕಿ ಇಡ್ತೀನಿ ಅಂದಳು ನಿಮ್ಮಜ್ಜಿ. ನಾ ಬ್ಯಾಡ ಅಂದೆ. ಮಂದಿ ಡಬ್ಬಿ ನಮಗ್ಯಾಕ.

ಸೋಮವಾರ ಡ್ಯೂಟಿಗೆ ಹೋಗುವಾಗ ಸ್ವಚ್ಛ ತೊಳದು, ಒರಸಿ, ಅವರ ಅಂಗಡಿ ಕಟ್ಟಿ ಮ್ಯಾಲ ಇಟ್ಟು ಬಂದೆ. ಸಂಜೀಕ ಬರುವಾಗ ಅಲ್ಲೇ ಇತ್ತು. ಇವತ್ತಿಗೆ ಐದನೇ ದಿವಸ. ಬಸ್ಸಿನ ಕಿಟಕಿಯಿಂದ ದಿನಾ ನೋಡ್ತೀನಿ. ಅಂಗಡಿ ತಗದಿರತದ, ಮಂದಿ ಹೋಗಿ ಬಂದು ಮಾಡತಾರ. ಡಬ್ಬಿ ಇಟ್ಟಲ್ಲೇ ಅದ.

ನೀ ಚಂದಂಗ ಓದು. ಹೊತ್ತಿಗೆ ಸರಿ ಉಣ್ಣು.

ನಿಮ್ಮಪ್ಪ
ತುಕಾರಾಮ